ಅಪ್‌ಡೇಟ್: ಊಟದ ನಂತರ ಏರುತ್ತಿದ್ದ ಶುಗರ್

ಊಟವಾಗಿ ಎರಡು ಗಂಟೆ ಕಳೆದರೂ ಶುಗರ್ 200 ದಾಟುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಈಗ ಹೆಚ್ಚಿನ ದಿನ 180ರ ಒಳಗೇ ಇರುತ್ತದೆ. ಜಾಸ್ತಿ ಉಪಯೋಗಕ್ಕೆ ಬಂದದ್ದು ತಿನ್ನುವ ಕ್ರಮ. ಮೊದಲು ತರಕಾರಿ, ಕಾಳು, ಪಿಷ್ಟ ಇರುವುದೆಲ್ಲ ಕೊನೆಗೆ. ತಟ್ಟೆಯಲ್ಲಿ ಇರುವುದು ಅದೇ, ಆದರೆ ನಾರು, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗುವುದಿಲ್ಲ. ಊಟದ ಮೇಲೆ 15 ನಿಮಿಷ ನಡಿಗೆ, ಸುಮ್ನೆ ಮನೆಯೊಳಗಾದರೂ ಸರಿ, ಕಾಲಿನ ಸ್ನಾಯುಗಳು ಒಂದಷ್ಟು ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಜ್ಯೂಸ್ ಬದಲು ಇಡೀ ಹಣ್ಣು.

ಒಂದು ಹೊತ್ತು ಊಟ ಬಿಡಿ ಅಂದವರ ಮಾತು ಮಾತ್ರ ಕೇಳಲಿಲ್ಲ. ನನ್ನ ಮಾತ್ರೆಗೆ ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಇನ್ನೂ ಹಠ ಮಾಡುತ್ತಿದೆ, ರಾತ್ರಿ ಊಟ ಬೇಗ ಮುಗಿಸಿ ನೋಡುತ್ತಿದ್ದೇನೆ.