ಪೂಲ್ ಪ್ರಶ್ನೋತ್ತರ: ನೆಟ್ಟಗಿನ ಶಾಟೇ ಯಾಕೆ ತಪ್ಪುತ್ತದೆ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ನಮಸ್ಕಾರ ಸರ್. ಒಂದು ವರ್ಷದಿಂದ ಪೂಲ್ (ಮೇಜಿನ ಮೇಲೆ ಕೋಲಿನಿಂದ ಬಾಲ್ ಹೊಡೆದು ಪಾಕೆಟ್, ಅಂದರೆ ಅಂಚಿನ ಗುಂಡಿಗೆ ಬೀಳಿಸುವ ಆಟ) ಆಡುತ್ತಿದ್ದೇನೆ. ಕಟ್ ಶಾಟ್ (ಬಾಲಿನ ಬದಿಗೆ ತಾಗಿಸಿ ಓರೆಯಾಗಿ ಕಳಿಸುವುದು) ಪರವಾಗಿಲ್ಲ, ನೆಟ್ಟಗಿನ ಶಾಟೇ ತಪ್ಪುತ್ತದೆ. ಬಾಲ್ ಜಾಸ್ತಿ ಸಲ ಎಡಕ್ಕೆ ಹೋಗುತ್ತದೆ. ಬಗ್ಗಿದ ಮೇಲೆ ಕ್ಯೂ (ಆಡುವ ಕೋಲು) ಸರಿ ಮಾಡಿಕೊಂಡೇ ಹೊಡೆಯುತ್ತೇನೆ. ಬಲಗೈಯಲ್ಲಿ ಆಡುತ್ತೇನೆ. ನಿಲ್ಲುವ ರೀತಿಯಲ್ಲಿ ತಪ್ಪಿದೆಯಾ?

ಕೋಚ್ ಉತ್ತರ: ‘ಬಗ್ಗಿದ ಮೇಲೆ ಸರಿ ಮಾಡಿಕೊಳ್ಳುತ್ತೇನೆ’ ಅಂದಿರಲ್ಲ, ತೊಂದರೆ ಅಲ್ಲೇ ಇದೆ ರೀ. ಬಗ್ಗಿದ ಮೇಲೆ ಕಾಲು ಅಲ್ಲೇ ಇರುತ್ತದೆ, ಕೈ ಮಾತ್ರ ತಿರುಗುತ್ತದೆ. ಮೊಣಕೈ ಹೊರಗೆ ಹೋಗುತ್ತದೆ. ಹೊಡೆಯುವಾಗ ಕ್ಯೂ ಅಡ್ಡ ಬರುತ್ತದೆ.

ನೆಟ್ಟಗಿನ ಶಾಟ್ ಸುಲಭ ಅಲ್ಲ. ಕ್ಯೂನಿಂದ ಹೊಡೆಯುವ ವೈಟ್ ಬಾಲ್ ಅರ್ಧ ಡಿಗ್ರಿ ತಪ್ಪಿದರೆ ಒಂದು ಮೀಟರ್ ದೂರದಲ್ಲಿ ಸುಮಾರು 9 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಪೂಲ್ ಬಾಲಿನ ವ್ಯಾಸ 57.15 ಮಿ.ಮೀ. ಲೆಕ್ಕ ಹಾಕಿದರೆ ವೈಟ್ ಬಾಲ್ ತಾಗಿದ ಬಣ್ಣದ ಬಾಲ್ ಹೆಚ್ಚುಕಡಿಮೆ 9 ಡಿಗ್ರಿ ಬೇರೆ ದಾರಿ ಹಿಡಿಯುತ್ತದೆ. ಪಾಕೆಟ್ ದೂರ ಇದ್ದರೆ ಅದು ಒಳಗೆ ಬೀಳುವುದೇ ಇಲ್ಲ.

ಹಾಗಾಗಿ ಗೆರೆಯನ್ನು ನಿಂತೇ ನೋಡಿ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಪಾಕೆಟ್, ಬಣ್ಣದ ಬಾಲ್, ವೈಟ್ ಬಾಲ್, ಮೂರೂ ಒಂದೇ ಗೆರೆಯಲ್ಲಿ ಕಾಣಬೇಕು. ಆ ಗೆರೆ ನಿಮ್ಮ ತನಕ ಬಂದಿದೆ ಅಂದುಕೊಂಡು ಅದರ ಮೇಲೆ ಬಲಗಾಲು ಇಡಿ, ಬೆರಳು ಸ್ವಲ್ಪ ಹೊರಗೆ ತಿರುಗಿರಲಿ. ಎಡಗಾಲು ಭುಜದಷ್ಟು ಅಗಲಕ್ಕೆ, ಅರ್ಧ ಹೆಜ್ಜೆ ಮುಂದೆ. ಎಡ ಮೊಣಕಾಲು ಮಡಚಿ ಗೆರೆಯ ಮೇಲೆಯೇ ಇಳಿಯಿರಿ. ಕಾಲು ಹತ್ತಿರ ಹತ್ತಿರ ಇಟ್ಟರೆ ಸೊಂಟ ಕ್ಯೂಗೆ ಅಡ್ಡ ಬರುತ್ತದೆ, ಕೈ ಅದನ್ನು ಸುತ್ತಿ ಹೋಗುತ್ತದೆ. ಟಿಪ್ (ಕ್ಯೂ ತುದಿ) ಬಾಲಿಗೆ ತಾಗುವಾಗ ಮುಂಗೈ ಬಾವಿಗೆ ಬಿಟ್ಟ ಹಗ್ಗದಂತೆ ನೇರ ಕೆಳಗೆ ತೂಗಬೇಕು. ಇಳಿದ ಮೇಲೆ ಗುರಿ ಸರಿ ಇಲ್ಲ ಅನಿಸಿದರೆ ಕೈ ತಿರುಗಿಸಬೇಡಿ. ಎದ್ದು ನಿಂತು ಮೊದಲಿಂದ ಶುರು ಮಾಡಿ. ಸುಮ್ನೆ ಹೇಳುತ್ತಿಲ್ಲ, ಇದೊಂದು ರೂಢಿಯಾದರೂ ಅರ್ಧ ಆಟ ಸುಧಾರಿಸುತ್ತದೆ.

ಪರೀಕ್ಷೆ ಹೀಗೆ: ಪಟ್ಟೆ ಇರುವ ಬಾಲನ್ನು ಮೇಜಿನ ನಟ್ಟನಡುವೆ, ಪಟ್ಟೆ ನೇರ ನಿಲ್ಲುವಂತೆ ಇಡಿ. ಎದುರಿನ ಗಿಡ್ಡ ಬದಿಯ ರಬ್ಬರ್ ಅಂಚಿಗೆ, ಅಂದರೆ ಕುಶನ್‌ಗೆ ಹೊಡೆಯಿರಿ. ಅದು ವಾಪಸ್ ಬಂದು ನಿಮ್ಮ ಟಿಪ್‌ಗೇ ತಾಗಬೇಕು. ಪಕ್ಕಕ್ಕೆ ಬಂದರೆ ಟಿಪ್‌ಗೆ ಹಚ್ಚಿದ ಚಾಕ್ ಬಾಲಿನ ಮೇಲೆ ಬಿಟ್ಟ ಗುರುತು ನೋಡಿ. ಗುರುತು ಪಟ್ಟೆಯ ನಡುವೆಯೇ ಇದ್ದರೆ ನೀವು ನಿಂತ ಗೆರೆಯೇ ತಪ್ಪು. ಗುರುತು ಬದಿಗಿದ್ದರೆ ಕೈಯದು ತಪ್ಪು.

ಪ್ರಶ್ನೆ (ವಿಜಯಪುರ): ಸರ್, ನಾನು ಇನ್ನೊಂದು ಕ್ಯೂ ಆಟವಾದ ಸ್ನೂಕರ್‌ನಿಂದ ಪೂಲ್‌ಗೆ ಬಂದವಳು. ಎರಡು ಆಟ ಆಗುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಗದ್ದ ಕ್ಯೂ ಮೇಲೆ ನಡುವೆ ಇಡಲೇಬೇಕಾ?

ಕೋಚ್ ಉತ್ತರ: ಅಕ್ಕಾರೆ, ಪೂಲ್ ಮೇಜು ತಗ್ಗು. ಸ್ನೂಕರ್ ಮೇಜು ಸುಮಾರು 34 ಇಂಚು ಎತ್ತರ, ಪೂಲ್ ಮೇಜು 29ರಿಂದ 31 ಇಂಚು. ಸ್ನೂಕರ್ ಆಡುವಾಗಿನಷ್ಟೇ ಕಾಲಗಲದಲ್ಲಿ ನಿಂತರೆ ಉಳಿದ ಬಗ್ಗುವಿಕೆ ಪೂರ್ತಿ ಬೆನ್ನಿನ ಮೇಲೆ ಬೀಳುತ್ತದೆ. ಕಾಲು ಇನ್ನಷ್ಟು ಅಗಲಿಸಿ, ಎರಡೂ ಮೊಣಕಾಲು ಸಡಿಲ ಬಿಡಿ, ಸೊಂಟದ ಕೀಲಿನಿಂದ ಬಗ್ಗಿ. ತಲೆ ಎರಡು ಬೆರಳು ಮೇಲೆ ಇದ್ದರೂ ನಡೆಯುತ್ತದೆ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಗದ್ದ ನಡುವೆಯೇ ಇರಬೇಕೆಂದಿಲ್ಲ. ಯಾವ ಜಾಗದಲ್ಲಿ ನಿಮಗೆ ಗೆರೆ ನೆಟ್ಟಗೆ ಕಾಣುತ್ತದೋ ಅದೇ ಸರಿ. 15 ಸಲ ವಿಶ್ವ ಸ್ನೂಕರ್ ಗೆದ್ದ ಜೋ ಡೇವಿಸ್ ಅವರ ಬಲಗಣ್ಣು ಮಂದ. ಕ್ಯೂ ಅವರ ಎಡಗಣ್ಣಿನ ಕೆಳಗೆ ಓಡುತ್ತಿತ್ತು.

ಟಿಳಕವಾಡಿಯವರು: ಸರ್, ಪರೀಕ್ಷೆ ಮಾಡಿದೆ. ಚಾಕ್ ಗುರುತು ಬಲಬದಿಗೆ ಬಂತು. ಮಳೆಗೆ ಮೇಜಿನ ಬಟ್ಟೆ ನಿಧಾನ ಆಗಿದೆ, ಜೋರಾಗಿ ಹೊಡೆದರೆ ಇನ್ನೂ ಹಾಳು.

ಕೋಚ್ ಉತ್ತರ: ಹಾಗಾದರೆ ಮೊಣಕೈಯೇ ಕಾರಣ, ಒಬ್ಬ ಗೆಳೆಯ ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆಯಲಿ. ಇನ್ನು ಬೆಳಗಾವಿಯ ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಬಾಲ್ ಓಡುವುದಿಲ್ಲ, ನಿಜ. ಅದಕ್ಕೆ ಎಲ್ಲರೂ ಜೋರು ಹಾಕುತ್ತಾರೆ, ಜೋರು ಹಾಕುವಾಗ ಭುಜ ಮೇಲೇಳುತ್ತದೆ. ಕ್ಯೂ ಹಿಂದೆ ಸ್ವಲ್ಪ ಜಾಸ್ತಿ ಎಳೆಯಿರಿ, ಹಿಡಿತ ಬಿಗಿ ಮಾಡಬೇಡಿ. ಒದ್ದೆ ಚಪ್ಪಲಿ ಬಿಟ್ಟು ಒಣಗಿದ ಶೂ ಹಾಕಿಕೊಂಡು ಹೋಗಿ. ಟೈಲ್ಸ್ ಮೇಲೆ ಕಾಲು ಜಾರಿದರೆ ಗೆರೆ ಉಳಿಯುವುದಿಲ್ಲ, ಅಲ್ವಾ? ವಿಡಿಯೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.