ಪದ ಬೇಕು: ಗಡಿಯಾಚೆ ಉಳಿದ ಹಂಗೇರಿಯನ್ನರಿಗೆ ಏನನ್ನೋಣ?

ಪ್ರಶ್ನೆ:
ಗೆಳೆಯರೇ, ಹಂಗೇರಿ ಮತ್ತು ಅದರ ನೆರೆದೇಶಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪತ್ರಿಕೆಗೆ ಕೊಡಬೇಕು. ಮೊದಲ ಮಹಾಯುದ್ಧದ ನಂತರ ಆದ 1920ರ ಟ್ರಿಯಾನಾನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲು ಕಳೆದುಕೊಂಡಿತು. ಸುಮಾರು 30 ಲಕ್ಷ ಹಂಗೇರಿಯನ್ನರು ರೊಮೇನಿಯಾ, ಜೆಕೊಸ್ಲೊವಾಕಿಯಾ ಮುಂತಾದ ದೇಶಗಳ ಪಾಲಾದರು. ಇವರನ್ನು 'ಹೊರನಾಡ ಹಂಗೇರಿಯನ್ನರು' ಅಂದರೆ ನಡೆಯುತ್ತಾ? ತಲೆಬರಹಕ್ಕೂ ಹೊಂದಬೇಕು, ಚಿಕ್ಕದಿರಲಿ.

ಉತ್ತರ:
ನಡೆಯಲ್ಲ. ಹೊರನಾಡ ಕನ್ನಡಿಗರು ಅಂದರೆ ಮುಂಬೈಗೋ ದುಬೈಗೋ ಹೋದವರು. ಇವರು ಎಲ್ಲಿಗೂ ಹೋಗಲಿಲ್ಲ, ಗಡಿಯೇ ಜರುಗಿತು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರನ್ನು ಏನಂತೀವಿ? ಗಡಿನಾಡ ಕನ್ನಡಿಗರು. ಪದ ಸಿದ್ಧವಾಗಿದೆ, ಬಳಸಿ.

ಕೇಳಿದವರು:
ಮೊದಲು ಅದನ್ನೇ ಬರೆದಿದ್ದೆ ಸಾರ್. ಆದರೆ ಹಂಗೇರಿಯನ್ ಮಾತಾಡುವ ಸೆಕೆಯ್ ಜನ ಇರುವುದು ರೊಮೇನಿಯಾದ ನಟ್ಟನಡುವೆ. ಹಂಗೇರಿಯ ಗಡಿ ಅಲ್ಲಿಂದ ಬಲು ದೂರ. ಹರ್ಗಿತಾ, ಕೊವಾಸ್ನಾ ಜಿಲ್ಲೆಗಳಲ್ಲಿ ಅವರೇ ಜಾಸ್ತಿ. ಹಾಗಾಗಿ 'ಅಲ್ಪಸಂಖ್ಯಾತರು' ಕೂಡ ಸರಿಹೋಗಲಿಲ್ಲ.

ಉತ್ತರ:
ಗಡಿ ಅನ್ನುವುದೇ ಬೇಡ. ಅದು ಮರಾಠಿಯ ಗಢ, ಅಂದರೆ ಕೋಟೆ. ಅಚ್ಚಗನ್ನಡದ 'ಎಲ್ಲೆ' ಇದೆ. 'ಎಲ್ಲೆಯಾಚೆಗರು' ಅನ್ನಿ. 'ಹಂಗೇರಿಯನ್' ಕೂಡ ಇಂಗ್ಲಿಷಿನ ಬಾಲ ಹೊತ್ತ ಪದ. ಕನ್ನಡಿಗ ಇದ್ದ ಹಾಗೆ 'ಹಂಗೇರಿಗ' ಆಗಲಿ.

ಉತ್ತರ:
ಗಢಕ್ಕೂ ಗಡಿಗೂ ಗಂಟು ಹಾಕಬೇಡಿ. ಮಿತಿ ಅನ್ನುವ ಅರ್ಥದ ಗಡು, ಗಡುವು ಕಣ್ಣೆದುರೇ ಇವೆ. 'ಎಲ್ಲೆಯಾಚೆಗರು' ಅಂದರೆ ಓದುಗರಿಗೆ ಎಲ್ಲೆ ಮೀರಿದವರು ಅನ್ನಿಸುತ್ತದೆ. ಬಿಡಿ.

'ಹಂಗೇರಿಗ' ಮಾತ್ರ ಕೆಲಸಕ್ಕೆ ಬರುತ್ತದೆ. ದೇಶದ ಪ್ರಜೆ ಹಂಗೇರಿಗ. ಆ ನುಡಿಯ ಜನ ಎಲ್ಲೇ ಇರಲಿ, ಮಗ್ಯಾರರು. ಈ ಎರಡನ್ನು ಬೇರೆ ಇಡದಿದ್ದರೆ ಲೇಖನವೇ ಅರ್ಥವಾಗಲ್ಲ. 2010ರಲ್ಲಿ ಹಂಗೇರಿಯ ನಾಯಕ ವಿಕ್ಟರ್ ಓರ್ಬಾನರ ಪಕ್ಷದ ಬಹುಮತವಿದ್ದ ಸಂಸತ್ತು ಕಾನೂನು ಬದಲಿಸಿ, ಹಂಗೇರಿಯಲ್ಲಿ ವಾಸವಿಲ್ಲದ ಮಗ್ಯಾರರಿಗೂ ಪೌರತ್ವ ಸಿಗುವಂತೆ ಮಾಡಿತು. ಅದೇ ದಿನ ಸ್ಲೊವಾಕಿಯಾ ತಿರುಗೇಟು ಕೊಟ್ಟಿತು: ಬೇರೆ ದೇಶದ ಪೌರತ್ವ ತೆಗೆದುಕೊಂಡವರು ನಮ್ಮವರಲ್ಲ ಅಂತ. 2018ರಲ್ಲಿ ಉಕ್ರೇನಿನ ಬೆರೆಹೋವೆ ಊರಿನಲ್ಲಿ ಹಂಗೇರಿಯ ಪಾಸ್‌ಪೋರ್ಟ್ ಕೊಡುವ ವಿಡಿಯೋ ಹೊರಬಂದಾಗ ಉಕ್ರೇನ್, ಹಂಗೇರಿ ಎರಡೂ ಪರಸ್ಪರರ ಒಬ್ಬೊಬ್ಬ ಕಾನ್ಸಲ್‌ನನ್ನು (ದೂತಾವಾಸದ ಅಧಿಕಾರಿಯನ್ನು) ಹೊರಹಾಕಿದವು.

ಇದರ ಬೇರು ಹಂಗೇರಿಯ ಚುನಾವಣೆಯಲ್ಲಿದೆ. ಹಂಗೇರಿಯಲ್ಲಿ ಮನೆ ವಿಳಾಸವಿಲ್ಲದ ಈ ಹೊಸ ಪೌರರು ಅಂಚೆಯಲ್ಲೇ ಮತ ಹಾಕಬಹುದು. 2014ರಲ್ಲಿ ಅಂಥ ಮತಗಳಲ್ಲಿ ಸುಮಾರು 95% ಓರ್ಬಾನರ ಫಿದೆಸ್ ಪಕ್ಷಕ್ಕೆ ಬಿದ್ದವು. ಹಂಗೇರಿಯ ವಿಳಾಸ ಉಳಿಸಿಕೊಂಡು ಲಂಡನ್ನಿಗೆ ದುಡಿಯಲು ಹೋದವನಿಗೆ ಅಂಚೆ ಮತ ಇಲ್ಲ, ರಾಯಭಾರ ಕಚೇರಿಗೇ ಹೋಗಬೇಕು. ಇದು ಅನ್ಯಾಯ ಅಲ್ವಾ? ಇಬ್ಬರನ್ನೂ 'ಹೊರನಾಡು' ಅಂದುಬಿಟ್ಟರೆ ಈ ಅನ್ಯಾಯವೇ ಕಾಣಲ್ಲ.

ಉತ್ತರ:
ಮಗ್ಯಾರ್ ಯಾವೂರ ಕನ್ನಡ? ಹೀಗೆ ಕಂಡದ್ದೆಲ್ಲ ತಂದು ತುಂಬಿಯೇ ನಮ್ಮಲ್ಲಿ ಪದ ಕಟ್ಟುವ ಶಕ್ತಿ ಕುಂದಿದೆ.

ಉತ್ತರ:
ಅದು ಒಂದು ಜನ ತಮಗೆ ತಾವೇ ಇಟ್ಟುಕೊಂಡ ಹೆಸರು. ಅನುವಾದ ಮಾಡುವ ವಸ್ತುವಲ್ಲ. ಶಕ್ತಿ ಅಂದಿರಲ್ಲ, ಅದು ಸಂಸ್ಕೃತ. ಕಚೇರಿಯಲ್ಲಿ ಕೊಡುವ ಅರ್ಜಿ ಅರಬ್ಬಿಯದು. ಇಂಥವನ್ನೆಲ್ಲ ಬಿಟ್ಟು ನೀವು ಮಾತಾಡುವುದು ಹೇಗೆ? ಪದ ಕಟ್ಟಬೇಕು, ಒಪ್ಪುತ್ತೇನೆ. ಇದ್ದದ್ದನ್ನು ಕಿತ್ತು ಅಲ್ಲ.

ಕೇಳಿದವರು:
ಎಲ್ಲರಿಗೂ ವಂದನೆ. ಒಳಗೆ 'ಗಡಿಯಾಚೆಯ ಮಗ್ಯಾರರು', ತಲೆಬರಹಕ್ಕೆ 'ಗಡಿಯಾಚೆಯ ಮತ'. ಲಂಡನ್ನಿನವರಿಗೆ 'ಹೊರನಾಡ ಹಂಗೇರಿಗರು'. ಮಗ್ಯಾರ್ ಮೊದಲು ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡುತ್ತೇನೆ.

ಉತ್ತರ:
ನಾನು ಕೊಟ್ಟ ಹಂಗೇರಿಗ ಉಳಿಯಿತು, ಸಂತೋಷ. ಎಲ್ಲೆಯನ್ನು ಬಿಟ್ಟದ್ದನ್ನು ಒಪ್ಪಲ್ಲ. ಅದಕ್ಕೆ ಬೇರೆ ಓಲೆ ಬರೆಯುತ್ತೇನೆ.