‘1865ರ ಹೋಟೆಲ್’ ಅಂತಾರೆ, ನಂಬಬಹುದಾ?

ಸಾಗರದಪೇಟೆ: ಸಾಗರದ ಪೇಟೆಬೀದಿಯಲ್ಲಿ ಹೆಂಚಿನ ಮಾಡಿನ ಹಳೇ ಹೋಟೆಲ್ ಒಂದಿದೆ. ಹೆಂಚಿನ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ಅಚ್ಚಿದೆ. ಹೋಟೆಲಿಗೂ ಅಷ್ಟೇ ವಯಸ್ಸು ಅನ್ನೋದು ಈಗಿನವರ ವಾದ. ಸ್ಮರಣ ಸಂಚಿಕೆಗೆ ಲೇಖನ ಬೇಕಿದೆ. ತಿಂಡಿ ದರದ ಹಲಗೆ, ಒಂದು ಕಟ್ಟು ಬಿಲ್ಲು, ಕೆಲವು ಲೆಕ್ಕದ ಪುಸ್ತಕ ಸಿಕ್ಕಿವೆ. ಶುರುವಾದ ವರ್ಷ ಹಿಡಿಯೋದು ಹೇಗೆ?

ಹೆಂಚುಮಾಡು: 1865 ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಆಮೇಲೂ ಅದೇ ಅಚ್ಚು ಒತ್ತುತ್ತಾ ಬಂದರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು, ಆ ಹೆಸರಿನ ಹೆಂಚಿದ್ದರೆ ಅದಕ್ಕೂ ಈಚಿನದು. ಒಂದು ಮಾಡಿನಿಂದ ಇಳಿಸಿದ ಹೆಂಚನ್ನು ಇನ್ನೊಂದಕ್ಕೆ ಹೊದಿಸೋದೂ ಮಾಮೂಲು. ಹೆಂಚು ನೋಡಿ ಕಟ್ಟಡದ ವಯಸ್ಸೇ ಹೇಳೋಕಾಗಲ್ಲ, ಹೋಟೆಲಿನದಂತೂ ದೂರದ ಮಾತು.

ಹಳೇವಹಿ: ಹಲಗೆಯಲ್ಲಿ ದರ ಆಣೆಯಲ್ಲಿದ್ದರೆ ಬಹುಪಾಲು 1957ರ ಏಪ್ರಿಲ್‌ಗಿಂತ ಹಿಂದಿನದು. ‘ನ.ಪೈ.’ (ನಯಾ ಪೈಸೆ) ಅಂತಿದ್ದರೆ 1957ರಿಂದ 1964ರ ನಡುವಿನದು, 1964ರ ಜೂನ್‌ನಿಂದ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಬಿಲ್ಲಿನ ತಲೆಬರಹದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗೆ ಮುಂಚಿನದಿರಬೇಕು, ಆದರೆ ಮೊದಲೇ ಅಚ್ಚು ಹಾಕಿಸಿದ ಬಿಲ್ ಪುಸ್ತಕ ಮುಗಿಯೋವರೆಗೂ ಹರಿದು ಕೊಡ್ತಾರೆ, ಒಂದೆರಡು ವರ್ಷ ಸಡಿಲ ಬಿಡಿ.

ನೋಂದಣಿಮೂಲೆ: ಎಲ್ಲರೂ ಎಡವೋದು ಇಲ್ಲಿ: ಕಟ್ಟಡದ ಚರಿತ್ರೆ ಬೇರೆ, ಹೋಟೆಲಿನದು ಬೇರೆ. ಹೋಟೆಲಿನವರು ಎಷ್ಟೋ ಕಡೆ ಬಾಡಿಗೆದಾರರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಕಟ್ಟಡದ ಮಾಲೀಕರ ಕ್ರಯಪತ್ರ, ಅಡಮಾನ ಸಿಗುತ್ತೆ. 11 ತಿಂಗಳ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ಅದು ಅಲ್ಲಿ ಕಾಣೋದೇ ಇಲ್ಲ. ಹಳೇ ಕಾಲದ್ದು ಕೈಬರಹದ ಸೂಚಿಯಲ್ಲಿರುತ್ತೆ, ಹುಡುಕೋಕೆ ಚೆಕ್ಕುಬಂದಿಯೂ (ಜಾಗದ ನಾಲ್ಕು ದಿಕ್ಕಿನ ಗಡಿ) ಹಿಂದಿನ ಮಾಲೀಕರ ಹೆಸರೂ ಬೇಕು.

ಹೋಟೆಲ್ ನಡೆಸಿದವರ ಹೆಸರು ಬೇಕಾದರೆ ನಗರಸಭೆಯ ಹಳೇ ವ್ಯಾಪಾರ ಪರವಾನಗಿ ವಹಿ ನೋಡಿ. ಮಾಹಿತಿ ಹಕ್ಕಿನಲ್ಲಿ ಕೇಳೋದಾದರೆ 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಹೋಟೆಲಿನ ಇತಿಹಾಸ ಕೊಡಿ’ ಅಂತ ಬರೆದರೆ ‘ಲಭ್ಯವಿಲ್ಲ’ ಅಂತ ಉತ್ತರ ಬರುತ್ತೆ. ‘ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಪರವಾನಗಿ ವಹಿ ಪರಿಶೀಲನೆಗೆ ಅವಕಾಶ ಕೊಡಿ’ ಅಂತ ಬರೀರಿ.

ಸಾಗರದಪೇಟೆ: ಒಂದು ಪುಸ್ತಕದ ಮೊದಲ ಹಾಳೆಯಲ್ಲಿ ‘ಶಾರ್ವರಿ ಸಂವತ್ಸರ, ಚೈತ್ರ ಶುದ್ಧ’ ಅಂತಿದೆ, ಇಸವಿ ಇಲ್ಲ.

ಹಳೇವಹಿ: ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಶಾರ್ವರಿ 1900-01ರಲ್ಲೂ ಇತ್ತು, 1960-61ರಲ್ಲೂ ಇತ್ತು. ಒಳಗೆ ಮೊತ್ತ ರೂ-ಆ-ಪೈ (ರೂಪಾಯಿ-ಆಣೆ-ಪೈ) ಅಂತ ಮೂರು ಕಾಲಮ್ಮಿನಲ್ಲಿದ್ದರೆ 1900ರ ಕಡೆ ವಾಲುತ್ತೆ, ಆದರೆ ಆಣೆ ಲೆಕ್ಕದ ರೂಢಿ 1957ರ ನಂತರವೂ ಸ್ವಲ್ಪ ಕಾಲ ಉಳಿದಿತ್ತು. ತಿಥಿಯ ಜೊತೆ ವಾರವೂ ಬರೆದಿದ್ದರೆ ನಾಲ್ಕೈದು ದಿನದ್ದು ಗುರುತು ಹಾಕಿಕೊಂಡು ಎರಡೂ ವರ್ಷದ ಪಂಚಾಂಗದ ಜೊತೆ ತಾಳೆ ನೋಡಿ.

ನೋಂದಣಿಮೂಲೆ: ಹಲಗೆಯಲ್ಲಿ ‘ಬ್ರಾಹ್ಮಣರ’ ಅಂತೇನಾದರೂ ಇದ್ದರೆ ಅದನ್ನೂ ಲೇಖನದಲ್ಲಿ ಬರೀರಿ, ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ನುಂಗಿಬಿಡೋ ಭಾಗ ಅದು. ಅಸ್ಪೃಶ್ಯತೆಯ ಹೆಸರಲ್ಲಿ ಹೋಟೆಲಿನೊಳಗೆ ಬಿಡದಿರೋದು 1955ರ ಕಾಯ್ದೆಯಿಂದ ದೇಶಾದ್ಯಂತ ಶಿಕ್ಷಾರ್ಹ ಅಪರಾಧವಾಯಿತು. ಜಾತಿ ನೋಡಿ ಬೇರೆ ಕೂರಿಸೋ ಪ್ರತ್ಯೇಕ ಪಂಕ್ತಿ ಯಾವಾಗ ನಿಂತಿತು ಅಂತ ಹಳೇ ಮಾಣಿಗಳನ್ನೂ ಗಿರಾಕಿಗಳನ್ನೂ ಬೇರೆಬೇರೆಯಾಗಿ ಕೇಳಿ.